ಚಿಪ್ಪು ಬಿಟ್ಟು ಬಂದ ಸಿಂಪಿ

ಅಮೆರಿಕದ ವಾಯವ್ಯ ಕರಾವಳಿಯ ಊರುಗಳಲ್ಲಿ ದಿನಸಿ ಅಂಗಡಿಯ ಮೀನಿನ ವಿಭಾಗಕ್ಕೆ ಹೋದವರಿಗೆ ಸಿಂಪಿ ಎರಡು ರೂಪಗಳಲ್ಲಿ ಕಾಣಸಿಗುತ್ತದೆ. ಪುಡಿ ಮಂಜುಗಡ್ಡೆಯ ಮೇಲೆ ಜೋಡಿಸಿಟ್ಟ, ಚಿಪ್ಪು ಬಿಗಿಯಾಗಿ ಮುಚ್ಚಿಕೊಂಡ ಜೀವಂತ ಸಿಂಪಿ ಒಂದಾದರೆ, ಚಿಪ್ಪು ಬಿಡಿಸಿ ತೊಳೆದ ಮಾಂಸವನ್ನು ಅದರಿಂದಲೇ ಒಸರುವ ರಸದೊಡನೆ ಸಣ್ಣ ಜಾಡಿಗಳಲ್ಲಿ ತುಂಬಿ ತಣ್ಣನೆಯ ಕಪಾಟಿನಲ್ಲಿ ಇರಿಸಿದ್ದು ಇನ್ನೊಂದು. ಈ ಎರಡನೆಯದು ಹೊಗೆಯಾಡಿಸಿ ಎಣ್ಣೆಯಲ್ಲಿ ಮುಳುಗಿಸಿ ತಗಡಿನ ಡಬ್ಬಿಯಲ್ಲಿ ಮುಚ್ಚಿದ ಸಿಂಪಿಯಲ್ಲ, ಉಪ್ಪು ಹುಳಿಗಳಲ್ಲಿ ಊರಿಸಿ ತಿಂಗಳುಗಟ್ಟಲೆ ಇಡುವ ಪದಾರ್ಥವೂ ಅಲ್ಲ. ಅದು ಬೇಯದ ಹಸಿ ಮಾಂಸವಾಗಿದ್ದು, ತಂಪಿನಲ್ಲಿಟ್ಟರೂ ಕೆಲವು ದಿನಗಳೊಳಗೆ ಒಲೆ ಸೇರಲೇಬೇಕಾದದ್ದು. ಆಹಾರದ ಬಗ್ಗೆ ಬರೆಯುವವರ ಗಮನವೆಲ್ಲ ಚಿಪ್ಪಿನೊಳಗಿಂದಲೇ ಹಸಿಯಾಗಿ ಹೀರುವ ಸಿಂಪಿಯ ಮೇಲೆ ನೆಲೆಸಿರುವುದರಿಂದ ಜಾಡಿಯ ಸಿಂಪಿ ಎರಡನೆಯ ದರ್ಜೆಯದೆಂಬ ಭಾವನೆ ಬಲವಾಗಿದೆ. ಆದರೆ ಉತ್ತರ ಕನ್ನಡದ ಕರಾವಳಿಯಿಂದ ಸಿಯಾಟಲ್‌ನ ಆಸುಪಾಸಿಗೆ ಬಂದು ನೆಲೆಸಿದ ಒಂದು ಕುಟುಂಬಕ್ಕೆ, ಅಂದರೆ ಈ ಬರಹದ ಲೇಖಕಿಯ ಮನೆಗೆ, ಪರದೇಶದ ಕಡಲು ಮೊದಲು ಪರಿಚಯವಾದದ್ದು ಈ ಜಾಡಿಯ ಮೂಲಕವೇ. ಚಿಪ್ಪುಜೀವಿಗಳನ್ನು ಎಂದೂ ಹಸಿಯಾಗಿ ತಿನ್ನದೆ, ಯಾವಾಗಲೂ ಮಸಾಲೆಯೊಡನೆ ಬೇಯಿಸಿ ಅನ್ನಕ್ಕೆ ಹಚ್ಚಿಕೊಂಡು ಉಂಡ ಜನಕ್ಕೆ ಹೋಟೆಲಿನ ತಟ್ಟೆಯ ಸಿಂಪಿ ಬೆರಗಿನ ವಸ್ತುವಾಗಿತ್ತು. ಜಾಡಿಯ ಸಿಂಪಿ ಮಾತ್ರ ಕಂಡ ಕೂಡಲೇ ಅಡುಗೆಯ ವಸ್ತುವಾಗಿ ತೋರಿತು.

ಅಘನಾಶಿನಿ ನದಿ ಕುಮಟಾದ ಬಳಿ ಅರಬ್ಬೀ ಸಮುದ್ರವನ್ನು ಸೇರುವ ಅಳಿವೆ, ಅಂದರೆ ಸಿಹಿನೀರು ಉಪ್ಪುನೀರು ಭರತ ಇಳಿತಗಳೊಡನೆ ಬೆರೆಯುವ ವಿಶಾಲ ಕೆಸರುಬಯಲು, ಭಾರತದಲ್ಲೇ ಚಿಪ್ಪುಜೀವಿಗಳ ಸಮೃದ್ಧಿಗೆ ಹೆಸರಾದ ತಾಣ. 2024ರಲ್ಲಿ ರಾಮ್ಸಾರ್ ಒಪ್ಪಂದದ ಅಡಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂದು ಅದು ಗುರುತಿಸಲ್ಪಟ್ಟಿತು. ಅಲ್ಲಿನ ಹೆಂಗಸರು ಇಳಿತದ ಹೊತ್ತಿಗೆ ಸೊಂಟಮಟ್ಟದ ನೀರಿಗಿಳಿದು ಬಳಚು ಎಂಬ ಕಪ್ಪೆಚಿಪ್ಪನ್ನು ಆರಿಸುವುದನ್ನೂ, ಬಂಡೆಗೆ ಅಂಟಿದ ನೀಲಿಕಲ್ಲು ಎಂಬ ಚಿಪ್ಪುಜೀವಿ ಮತ್ತು ಸಿಂಪಿಗಳನ್ನು ಕಬ್ಬಿಣದ ಮೊಳೆಯಂಥ ಸಾಧನದಿಂದ ಎಬ್ಬಿಸುವುದನ್ನೂ ಲೇಖಕಿ ಬಾಲ್ಯದಿಂದ ಕಂಡಿದ್ದಳು. ಸಿಂಪಿಯನ್ನು ಚಿಪ್ಪಿನೊಡನೆ ಮನೆಗೆ ತರುವುದು ಅಪರೂಪವಾಗಿತ್ತು. ಮಾರುವವರೇ ಅಲ್ಲಲ್ಲೇ ಒಡೆದು, ಮಾಂಸವನ್ನು ರಸದೊಡನೆ ಪಾತ್ರೆಯಲ್ಲಿ ತುಂಬಿಕೊಂಡು ಬಂದು, ಬಟ್ಟಲಿನಿಂದ ಅಳೆದು ಕೊಡುತ್ತಿದ್ದರು. ಹೀಗಾಗಿ ಒಡೆಯುವ ಕೈ ಬೇರೆ, ಬೇಯಿಸುವ ಕೈ ಬೇರೆ ಎಂಬ ಏರ್ಪಾಡು ಆ ಮನೆಗೆ ಹೊಸದಲ್ಲ. ಸಿಯಾಟಲ್‌ನಲ್ಲಿ ಬಟ್ಟಲಿನ ಜಾಗದಲ್ಲಿ ಮುಚ್ಚಳವಿದ್ದ ಜಾಡಿ ಬಂದಿತ್ತು, ಮಾರುವವಳ ಮುಖದ ಜಾಗದಲ್ಲಿ ಒಂದು ಚೀಟಿ ಬಂದಿತ್ತು.

ಆ ಚೀಟಿಯನ್ನು ಓದುವುದಕ್ಕೆ ಸ್ವಲ್ಪ ಚರಿತ್ರೆ ಬೇಕಾಗುತ್ತದೆ. ಅಲ್ಲಿ ಹೆಚ್ಚಾಗಿ ಕಾಣಿಸುವ ಊರುಗಳು ವಾಷಿಂಗ್ಟನ್ ರಾಜ್ಯದ ನೈಋತ್ಯ ಅಂಚಿನಲ್ಲಿರುವ ವಿಲಾಪಾ ಕೊಲ್ಲಿಯ ದಡದವು. ಆ ಕೊಲ್ಲಿಯಲ್ಲಿ ಮೊದಲು ಹೇರಳವಾಗಿದ್ದದ್ದು ಒಲಿಂಪಿಯಾ ಎಂಬ ಪುಟ್ಟ ದೇಶೀ ಸಿಂಪಿ. 1854ರಲ್ಲಿ ಅದರ ವ್ಯಾಪಾರಕ್ಕಾಗಿಯೇ ಆಯ್ಸ್ಟರ್‌ವಿಲ್ ಎಂಬ ಊರು ಹುಟ್ಟಿಕೊಂಡು, ಚಿನ್ನದ ಹುಡುಕಾಟದಲ್ಲಿ ಹಣ ಕಂಡಿದ್ದ ಸ್ಯಾನ್ ಫ್ರಾನ್ಸಿಸ್ಕೋಗೆ ಹಾಯಿಹಡಗುಗಳಲ್ಲಿ ರಾಶಿ ರಾಶಿ ಸಿಂಪಿ ಸಾಗಿತು, ಮತ್ತು ಮರಿಯನ್ನು ಉಳಿಸದೆ ಬಾಚಿದ್ದರಿಂದ ಆ ಶತಮಾನ ಮುಗಿಯುವ ಹೊತ್ತಿಗೆ ಕೊಲ್ಲಿ ಬರಿದಾಯಿತು. ಅಮೆರಿಕದ ಪೂರ್ವ ಕರಾವಳಿಯ ಸಿಂಪಿಯನ್ನು ರೈಲಿನಲ್ಲಿ ತಂದು ಬಿತ್ತಿದ ಪ್ರಯತ್ನ ಬಹುಕಾಲ ನಿಲ್ಲಲಿಲ್ಲ. ಕೊನೆಗೆ ನೆಲೆಯೂರಿದ್ದು ಜಪಾನಿನ ಸಿಂಪಿ. 1919ರಲ್ಲಿ ಉತ್ತರದ ಸಾಮಿಶ್ ಕೊಲ್ಲಿಗೆ ಹಡಗಿನಲ್ಲಿ ಬಂದ ದೊಡ್ಡ ಸಿಂಪಿಗಳಲ್ಲಿ ಬಹುಪಾಲು ದಾರಿಯಲ್ಲೇ ಸತ್ತಿದ್ದರೂ, ಅವುಗಳ ಚಿಪ್ಪಿಗೆ ಅಂಟಿಕೊಂಡಿದ್ದ ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳು ಬದುಕಿ ಬೆಳೆದವು, ಮತ್ತು ಇಂದು ಪೆಸಿಫಿಕ್ ಸಿಂಪಿ ಎಂಬ ಹೆಸರಿನಲ್ಲಿ ಜಾಡಿ ತುಂಬುತ್ತಿರುವುದು ಆ ಜಾತಿಯೇ. ವಿಲಾಪಾದ ಕೆಸರಿನಲ್ಲಿ ಅದು ಒಂದಕ್ಕೊಂದು ಅಂಟಿದ ಗೊಂಚಲುಗಳಾಗಿ ಬೆಳೆಯುವುದರಿಂದ ಚಿಪ್ಪುಗಳು ಓರೆಕೋರೆಯಾಗಿ, ಉದ್ದುದ್ದವಾಗಿ, ತಟ್ಟೆಯಲ್ಲಿ ಅಲಂಕರಿಸಲು ಒಗ್ಗದಂತೆ ಇರುತ್ತವೆ. ಒಳಗಿನ ಮಾಂಸ ಮಾತ್ರ ದಪ್ಪವಾಗಿ ತುಂಬಿಕೊಂಡಿರುತ್ತದೆ. ಜಾಡಿಗೆ ಬರುವುದು ಉಳಿದುಹೋದ ಸಿಂಪಿ ಎಂಬ ಮಾತು ಆದ್ದರಿಂದ ಸರಿಯಲ್ಲ. ಅದು ಬೆಳೆಯುವ ನೆಲವೇ ಅದನ್ನು ಒಲೆಯ ಸಿಂಪಿಯನ್ನಾಗಿ ರೂಪಿಸಿರುತ್ತದೆ.

ಚೀಟಿಯ ಮೇಲಿನ ಗಾತ್ರದ ಹೆಸರುಗಳಿಗೂ ಲೆಕ್ಕವಿದೆ. ಸುಮಾರು 3.8 ಲೀಟರಿನ ಒಂದು ಗ್ಯಾಲನ್‌ನಲ್ಲಿ ಎಷ್ಟು ಸಿಂಪಿ ಹಿಡಿಸುತ್ತವೆ ಎಂಬುದರ ಮೇಲೆ ಪೆಸಿಫಿಕ್ ಸಿಂಪಿಯನ್ನು ವಿಂಗಡಿಸುವುದು ಅಲ್ಲಿನ ನಿಯಮ: 64ರವರೆಗೆ ಹಿಡಿಸಿದರೆ ದೊಡ್ಡದು, 96ರವರೆಗೆ ಮಧ್ಯಮ, 144ರವರೆಗೆ ಸಣ್ಣದು, ಅದಕ್ಕಿಂತ ಹೆಚ್ಚು ಹಿಡಿಸಿದರೆ ತೀರಾ ಸಣ್ಣದು. ಹತ್ತು ಔನ್ಸಿನ ಜಾಡಿಯಲ್ಲಿ ಮಧ್ಯಮ ಗಾತ್ರದವು ಐದರಿಂದ ಏಳು ಮಾತ್ರ ಇರುತ್ತವೆಂದರೆ ಒಂದೊಂದೂ ಎಷ್ಟು ದೊಡ್ಡದೆಂದು ಊಹಿಸಬಹುದು. ಕುಮಟಾದ ಕಣ್ಣಿಗೆ ಇದು ವಿಪರೀತವೆನಿಸಿತು. ಲೇಖಕಿಯ ತಾಯಿ ಮಗಳ ಮನೆಗೆ ಬಂದಿದ್ದಾಗ ಜಾಡಿಯನ್ನು ಬಟ್ಟಲಿಗೆ ಸುರಿದು ನೋಡಿದವರು, ಇದು ಒಬ್ಬೊಬ್ಬರಿಗೆ ಒಂದೊಂದೇ ಬಡಿಸುವ ಪದಾರ್ಥವಾಯಿತಲ್ಲ, ಸುಕ್ಕಕ್ಕೆ ಹೇಗೆ ಒದಗೀತು ಎಂದು ಕೇಳಿದ್ದರು. ಅಂದಿನಿಂದ ಆ ಮನೆಯಲ್ಲಿ ಸುಕ್ಕಕ್ಕೆ, ಅಂದರೆ ತೆಂಗಿನತುರಿಯ ಮಸಾಲೆಯಲ್ಲಿ ನೀರಾರುವಂತೆ ಬೇಯಿಸುವ ಅಡುಗೆಗೆ, ತೀರಾ ಸಣ್ಣ ಗಾತ್ರವನ್ನೂ ಕಾವಲಿಯಲ್ಲಿ ಹುರಿಯಲು ಮಧ್ಯಮವನ್ನೂ ತರುವ ರೂಢಿ ನಿಂತಿತು.

ತಾಯಿಯವರು ಜಾಡಿಯನ್ನು ಪರೀಕ್ಷಿಸುತ್ತಿದ್ದ ಕ್ರಮವು ಯಾವ ಕೈಪಿಡಿಗೂ ಕಡಿಮೆಯಿರಲಿಲ್ಲ. ಮುಚ್ಚಳ ತೆಗೆದ ಕೂಡಲೇ ಮೂಸಬೇಕು: ಭರತದ ನೀರಿನ ವಾಸನೆ ಇರಬೇಕೇ ಹೊರತು ಹುಳಿಯ ವಾಸನೆ ಬರಬಾರದು. ರಸ ಕೊಂಚ ಮಸುಕಾಗಿ, ಅಕ್ಕಿ ತೊಳೆದ ನೀರಿನ ಬಣ್ಣದಲ್ಲಿದ್ದರೆ ಚಿಂತೆಯಿಲ್ಲ. ಅದು ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅಥವಾ ಲೋಳೆಯಾಗಿದ್ದರೆ ಜಾಡಿಯನ್ನೇ ಬಿಡಬೇಕು. ಆಮೇಲೆ ರಸವನ್ನು ತೆಳುಬಟ್ಟೆಯಲ್ಲಿ ಸೋಸಿ ಬದಿಗಿಡಬೇಕು, ಏಕೆಂದರೆ ಒಡೆಯುವಾಗ ಸಿಡಿದ ಚಿಪ್ಪಿನ ಚೂರುಗಳು ತಳದಲ್ಲಿ ಕೂತಿರುತ್ತವೆ. ಮಾಂಸವನ್ನು ಒಂದೊಂದಾಗಿ ಬೆರಳಿನಿಂದ ಸವರಿ, ಸ್ನಾಯು ಚಿಪ್ಪಿಗೆ ಅಂಟಿದ್ದ ಜಾಗದಲ್ಲಿ ಚೂರು ಉಳಿದಿದೆಯೇ ಎಂದು ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಆ ರಸವನ್ನು ಚೆಲ್ಲಬಾರದು. ಚಿಪ್ಪು ಬಿಡಿಸಿದ ಮೇಲೆ ಮಾಂಸವನ್ನು ಸಿಹಿನೀರಿನಲ್ಲಿ ತೊಳೆಯುವುದರಿಂದ ಜಾಡಿಯ ಸಿಂಪಿಯಲ್ಲಿ ಕಡಲಿನ ಉಪ್ಪು ಚಿಪ್ಪಿನಲ್ಲಿರುವಾಗ ಇದ್ದಷ್ಟು ಇರುವುದಿಲ್ಲ, ಮತ್ತು ಮಾಂಸದಿಂದ ನಿಧಾನವಾಗಿ ಒಸರಿದ ರುಚಿಯೆಲ್ಲ ಆ ರಸದಲ್ಲಿ ಸೇರಿರುತ್ತದೆ. ಬಳಚನ್ನು ಬೇಯಿಸುವಾಗ ಅದರ ನೀರಿನ ಉಪ್ಪು ನೋಡಿಕೊಂಡೇ ಮಸಾಲೆಗೆ ಉಪ್ಪು ಹಾಕುವ ಕರಾವಳಿಯ ಪಾಠ ಇಲ್ಲಿಯೂ ನಡೆಯಿತು. ನಾಲಿಗೆಗೆ ಒಂದು ಹನಿ ತಾಗಿಸಿ ನೋಡುವುದರ ಬದಲು, ರಸವನ್ನು ಮೊದಲು ಕುದಿಸಿ ಆಮೇಲೆ ರುಚಿ ನೋಡುವುದೊಂದೇ ವ್ಯತ್ಯಾಸ.

ಆ ವ್ಯತ್ಯಾಸಕ್ಕೆ ಕಾರಣವಿದೆ. ಸಿಂಪಿ ನೀರನ್ನು ಸೋಸಿ ಆಹಾರ ಹುಡುಕುವ ಜೀವಿಯಾದ್ದರಿಂದ ನೀರಿನಲ್ಲಿರುವ ರೋಗಾಣುಗಳನ್ನೂ ತನ್ನೊಳಗೆ ಕೂಡಿಸಿಕೊಳ್ಳುತ್ತದೆ. 1924ರ ಚಳಿಗಾಲದಲ್ಲಿ ಅಮೆರಿಕದ ಹಲವು ನಗರಗಳಲ್ಲಿ ಸಿಂಪಿಯಿಂದ ಟೈಫಾಯಿಡ್ ಹರಡಿ ಜನ ಸತ್ತದ್ದರಿಂದ, 1925ರಲ್ಲಿ ಚಿಪ್ಪುಜೀವಿಗಳ ನೈರ್ಮಲ್ಯಕ್ಕಾಗಿ ರಾಷ್ಟ್ರೀಯ ವ್ಯವಸ್ಥೆಯೊಂದು ರೂಪುಗೊಂಡಿತು. ಪ್ರತಿ ಜಾಡಿಯ ಮೇಲೂ ತುಂಬಿದವರ ಪರವಾನಗಿ ಸಂಖ್ಯೆ ಇರುವುದು, ಅರ್ಧ ಗ್ಯಾಲನ್‌ಗಿಂತ ಚಿಕ್ಕ ಜಾಡಿಗಳ ಮೇಲೆ ಎಷ್ಟರೊಳಗೆ ಮಾರಬೇಕೆಂಬ ದಿನಾಂಕವೂ ಅದಕ್ಕಿಂತ ದೊಡ್ಡವುಗಳ ಮೇಲೆ ಚಿಪ್ಪು ಬಿಡಿಸಿದ ದಿನಾಂಕವೂ ಇರುವುದು ಆ ವ್ಯವಸ್ಥೆಯ ನಿಯಮದಂತೆ. ಕೊಳಚೆಯ ಸಂಪರ್ಕವೇ ಇಲ್ಲದ ಶುದ್ಧ ಕಡಲಿನಲ್ಲೂ ಬೇಸಿಗೆಯ ಬಿಸಿಗೆ ಹೆಚ್ಚುವ ವಿಬ್ರಿಯೋ ಎಂಬ ಬ್ಯಾಕ್ಟೀರಿಯಾ ಬೇರೆ ಇದೆ. ಅದರ ಒಂದು ಜಾತಿ ತೀವ್ರ ಹೊಟ್ಟೆನೋವು ಭೇದಿಗಳನ್ನೂ, ಇನ್ನೊಂದು ಯಕೃತ್ತಿನ ರೋಗವಿದ್ದವರಲ್ಲಿ ಪ್ರಾಣಾಪಾಯವನ್ನೂ ತರಬಲ್ಲದು. ಚಿಪ್ಪು ಬಿಡಿಸಿದ ಸಿಂಪಿಯನ್ನು ಕನಿಷ್ಠ ಮೂರು ನಿಮಿಷ ಕುದಿಸಬೇಕು, ಅಥವಾ ಸುಮಾರು 190 ಡಿಗ್ರಿ ಸೆಲ್ಸಿಯಸ್ ಕಾದ ಎಣ್ಣೆಯಲ್ಲಿ ಮೂರು ನಿಮಿಷ ಕರಿಯಬೇಕು ಎಂಬುದು ಅಲ್ಲಿನ ಆಹಾರ ಇಲಾಖೆಯ ಸೂಚನೆ. ಹಸಿ ಸಿಂಪಿಯ ಸಂಸ್ಕೃತಿಯಲ್ಲಿ ಬೆಳೆದವರಿಗೆ ಈ ಸೂಚನೆ ಸುಖಕ್ಕೆ ಅಡ್ಡಿಯೆನಿಸಬಹುದು. ಕರಾವಳಿಯ ಅಡುಗೆಮನೆಗೆ ಅದು ತಾನಾಗಿ ಮಾಡುತ್ತಿದ್ದುದಕ್ಕೆ ಸಿಕ್ಕ ಸಮರ್ಥನೆಯಾಗಿತ್ತು.

ಆದರೆ ಮೂರು ನಿಮಿಷ ಎಂಬುದು ಕೆಳಗಿನ ಗೆರೆಯಷ್ಟೇ ಅಲ್ಲ, ರುಚಿಯ ದೃಷ್ಟಿಯಿಂದ ಅದೇ ಹೆಚ್ಚೂಕಡಿಮೆ ಮೇಲಿನ ಗೆರೆಯೂ ಹೌದು, ಮತ್ತು ಜಾಡಿಯ ಸಿಂಪಿಯ ಅಡುಗೆಯ ಮರ್ಮವೆಲ್ಲ ಇಲ್ಲಿದೆ. ಬಳಚಿನ ಸುಕ್ಕದಲ್ಲಿ ಬಳಚು ಮಸಾಲೆಯೊಡನೆ ಸಾಕಷ್ಟು ಹೊತ್ತು ಒಲೆಯ ಮೇಲಿದ್ದರೂ ತಡೆದುಕೊಳ್ಳುತ್ತದೆ, ಸಿಂಪಿ ತಡೆಯುವುದಿಲ್ಲ. ಅದರ ಅಂಚಿನಲ್ಲಿ ಮ್ಯಾಂಟಲ್ ಎಂದು ಜೀವಶಾಸ್ತ್ರ ಕರೆಯುವ ತೆಳುಪದರವೊಂದಿದೆ. ಜೀವವಿದ್ದಾಗ ಚಿಪ್ಪನ್ನು ಕಟ್ಟುವುದು ಈ ಪದರವೇ. ಬಿಸಿ ತಾಗಿದಾಗ ಅದು ಕುಗ್ಗಿ ನೆರಿಗೆಗಟ್ಟುತ್ತದೆ, ಹೊಟ್ಟೆಯ ಭಾಗ ಉಬ್ಬಿ ದುಂಡಗಾಗುತ್ತದೆ. ಈ ನೆರಿಗೆ ಪೂರ್ತಿ ಕಟ್ಟಿ ಬಿಸಿ ಒಳಗಿನವರೆಗೆ ಇಳಿದ ಗಳಿಗೆಯಲ್ಲಿ ಸಿಂಪಿ ಬೆಂದಿರುತ್ತದೆ. ಆಮೇಲೂ ಒಲೆಯ ಮೇಲೆ ಬಿಟ್ಟರೆ ನೀರೆಲ್ಲ ಹೊರಗೆ ಹರಿದು, ಚಿಪ್ಪು ಮುಚ್ಚುವ ಸ್ನಾಯು ಬಿರುಸಾಗಿ, ತಿನ್ನಲು ಬಾರದ ಗಂಟಾಗುತ್ತದೆ. ಆದ್ದರಿಂದ ಆ ಮನೆಯ ಸುಕ್ಕದಲ್ಲಿ ಕ್ರಮವೇ ತಿರುಗಿತು. ಬ್ಯಾಡಗಿ ಮೆಣಸು, ಕೊತ್ತಂಬರಿ, ಅರಿಸಿನ ಹುರಿದು ರುಬ್ಬಿದ ಮಸಾಲೆಯನ್ನು ಸೋಸಿಟ್ಟ ರಸದಲ್ಲೇ ಕುದಿಸಿ, ಮುರುಗಲ ಸಿಪ್ಪೆಯ ಹುಳಿ ಬಿಡಿಸಿ, ತೆಂಗಿನತುರಿ ಬೆರೆಸಿ ನೀರಾರುವವರೆಗೆ ಬಾಡಿಸಿ, ಸುಕ್ಕ ಪೂರ್ತಿ ಸಿದ್ಧವಾದ ಮೇಲೆ ಕೊನೆಯಲ್ಲಿ ಮಾತ್ರ ಸಿಂಪಿಯನ್ನು ಹಾಕಿ, ಕುದಿ ಹಿಡಿದ ಮೇಲೆ ಆ ಮೂರು ನಿಮಿಷ ಮುಚ್ಚಿ ಬೇಯಿಸಿ ಇಳಿಸುವುದು. ಸಿಂಪಿ ತಾನೂ ಸ್ವಲ್ಪ ನೀರು ಬಿಡುವುದರಿಂದ ತೆಂಗು ಮೊದಲೇ ಚೆನ್ನಾಗಿ ಒಣಗಿರಬೇಕು. ಈ ಒಂದು ವಿಷಯದಲ್ಲಿ ತಾಯಿಯವರು ಯಾವ ರಿಯಾಯಿತಿಯನ್ನೂ ಕೊಡುತ್ತಿರಲಿಲ್ಲ.

ಕಾವಲಿಯ ಹುರಿತದಲ್ಲಿ ಎರಡು ಕರಾವಳಿಗಳು ಸುಲಭವಾಗಿ ಒಂದಾದವು. ವಾಷಿಂಗ್ಟನ್ನಿನ ಮನೆಗಳಲ್ಲಿ ಜಾಡಿಯ ಸಿಂಪಿಯನ್ನು ಹಿಟ್ಟಿನಲ್ಲಿ ಹೊರಳಿಸಿ, ಮೊಟ್ಟೆಯಲ್ಲಿ ಅದ್ದಿ, ಉಪ್ಪು ಬಿಸ್ಕತ್ತಿನ ಪುಡಿ ಹಚ್ಚಿ ಬೆಣ್ಣೆಯಲ್ಲಿ ಹುರಿಯುವುದು ರೂಢಿ. ಜಪಾನಿನ ವಲಸಿಗರಿಂದ ಬಂದ ಕ್ರಮದಲ್ಲಿ ಪಾಂಕೊ ಎಂಬ ದಪ್ಪ ಬ್ರೆಡ್ಡಿನ ಪುಡಿ ಹಚ್ಚಿ ಎಣ್ಣೆಯಲ್ಲಿ ಕರಿಯುತ್ತಾರೆ. ಕುಮಟಾದ ರವೆ ಹುರಿತವೂ ಇದೇ ತತ್ತ್ವದ್ದು, ಏಕೆಂದರೆ ಒದ್ದೆ ಮಾಂಸಕ್ಕೂ ಬಿಸಿ ಎಣ್ಣೆಗೂ ನಡುವೆ ಒಣ ಪದರವೊಂದಿದ್ದರೆ ಹೊರಗೆ ಗರಿಯಾಗಿ ಒಳಗೆ ರಸ ಉಳಿಯುತ್ತದೆ. ಸಿಂಪಿಯನ್ನು ಬಟ್ಟೆಯ ಮೇಲೆ ಹರಡಿ ನೀರಾರಿಸದೆ ಮೆಣಸಿನ ಪುಡಿ ಹಚ್ಚಿದರೆ ರವೆ ಹಿಡಿಯುವುದಿಲ್ಲ ಎಂಬುದೂ ಎರಡೂ ಕಡೆ ಒಂದೇ. ಕೊರಿಯನ್ ದಿನಸಿ ಅಂಗಡಿಯೊಂದರಲ್ಲಿ ಪಕ್ಕದಲ್ಲಿ ನಿಂತಿದ್ದ ಹಿರಿಯ ಹೆಂಗಸೊಬ್ಬರು, ತುರಿದ ಮೂಲಂಗಿಯಲ್ಲಿ ಸಿಂಪಿಯನ್ನು ಮೆಲ್ಲಗೆ ಹೊರಳಿಸಿ ಉಪ್ಪುನೀರಿನಲ್ಲಿ ತೊಳೆದರೆ ಲೋಳೆಯೂ ಕೆಸರೂ ಮೂಲಂಗಿಗೆ ಅಂಟಿಕೊಂಡು ಹೋಗುತ್ತದೆಂದು ಕೈಸನ್ನೆಯಲ್ಲೇ ತೋರಿಸಿಕೊಟ್ಟರು. ಹುರಿಯುವ ಸಿಂಪಿಗೆ ಅದಕ್ಕಿಂತ ಒಳ್ಳೆಯ ಸಂಸ್ಕಾರ ಆ ಮನೆಗೆ ಇನ್ನೂ ಸಿಕ್ಕಿಲ್ಲ.

ಹಾಲಿನ ಸಿಂಪಿಸಾರು ಮಾತ್ರ ತಡವಾಗಿ ಬಂತು. ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಅಮೆರಿಕದ ಅನೇಕ ಮನೆಗಳಲ್ಲಿ ಮಾಡುವ ಈ ಸಾರು ಬೆಣ್ಣೆ, ಹಾಲು, ಸಿಂಪಿ, ಅದರ ರಸ, ಮೆಣಸು ಇಷ್ಟರಿಂದಲೇ ಆಗುವಂಥದು. ನೆರೆಮನೆಯ ವೃದ್ಧೆಯೊಬ್ಬರು ಅದನ್ನು ಕಲಿಸುವಾಗ ಹಾಲನ್ನು ಕುದಿಸದೆ ಬೇರೆಯಾಗಿಯೇ ಬಿಸಿ ಮಾಡಿದರು. ಸಿಂಪಿಯನ್ನು ಅದರ ರಸದಲ್ಲೇ, ಬೆಣ್ಣೆಯೊಡನೆ, ನೆರಿಗೆ ಕಟ್ಟುವವರೆಗೆ ಕುದಿಸಿ ಕಟ್ಟಕಡೆಗೆ ಎರಡನ್ನೂ ಕೂಡಿಸಿದರು. ಒಟ್ಟಿಗೆ ಕುದಿಸಿದರೆ ರಸದ ಉಪ್ಪಿಗೂ ಹುಳಿಗೂ ಹಾಲು ಒಡೆಯುತ್ತದೆ ಎಂಬುದು ಅದರ ಕಾರಣ. ಮೀನಿನ ಜೊತೆ ಹಾಲು ಸೇರಬಾರದೆಂಬ ನಂಬಿಕೆಯಲ್ಲಿ ಬೆಳೆದ ತಾಯಿಯವರು ಅದನ್ನು ಮುಟ್ಟಲಿಲ್ಲ. ಆ ವೃದ್ಧೆಯ ಮುಂದೆ ಆ ನಂಬಿಕೆಯನ್ನು ಸೂಚಿಸಲೂ ಇಲ್ಲ, ಬದಲಾಗಿ ಬಟ್ಟಲನ್ನು ಮೊಮ್ಮಗಳ, ಅಂದರೆ ಲೇಖಕಿಯ ಮಗಳ, ಕಡೆಗೆ ಸರಿಸಿದರು. ಮೊಮ್ಮಗಳು ಮಾತ್ರ ಆ ಸಾರಿಗೆ ಮನಸೋತಳು.

ಜಾಡಿಯ ಹಿಂದೆ ಇರುವ ಕೈಗಳ ವಿಷಯವನ್ನು ಇಲ್ಲಿ ಬಿಡುವಂತಿಲ್ಲ. ಸಿಂಪಿಯನ್ನು ಒಡೆಯುವ ಯಂತ್ರಕ್ಕಾಗಿ ಎಷ್ಟೋ ಪ್ರಯತ್ನಗಳು ನಡೆದಿದ್ದರೂ ಈ ಕೆಲಸ ಇಂದಿಗೂ ಮುಖ್ಯವಾಗಿ ಮೊಂಡು ಚೂರಿ ಹಿಡಿದ ಮನುಷ್ಯನ ಕೈಯದು: ಚಿಪ್ಪಿನ ಸಂದಿಯಲ್ಲಿ ಚೂರಿ ತೂರಿಸಿ, ಸ್ನಾಯುವನ್ನು ಮಾಂಸ ಹರಿಯದಂತೆ ಕತ್ತರಿಸಿ, ಮಾಂಸವನ್ನು ಪಾತ್ರೆಗೆ ಜಾರಿಸಬೇಕು, ಮತ್ತು ಕೂಲಿ ಸಾಮಾನ್ಯವಾಗಿ ತುಂಬಿದ ಅಳತೆಯ ಮೇಲೆ. ಅಮೆರಿಕದ ಪೂರ್ವದ ಚೆಸಾಪೀಕ್ ಕೊಲ್ಲಿಯಲ್ಲಿ ಈ ಕೆಲಸವನ್ನು ತಲೆಮಾರುಗಳ ಕಾಲ ಹೊತ್ತವರು ಆಫ್ರಿಕನ್ ಅಮೆರಿಕನ್ ಸಮುದಾಯದವರು. ವಾಷಿಂಗ್ಟನ್ನಿನಲ್ಲಿ ಜಪಾನೀ ಮೂಲದ ಕುಟುಂಬಗಳು ಸಿಂಪಿ ಬೆಳೆಯುವುದರಲ್ಲೂ ಒಡೆಯುವುದರಲ್ಲೂ ಮುಂದಿದ್ದವು. 1942ರಲ್ಲಿ ಯುದ್ಧಕಾಲದ ಆದೇಶವೊಂದರಿಂದ ಪಶ್ಚಿಮ ಕರಾವಳಿಯ ಜಪಾನೀ ಮೂಲದವರನ್ನೆಲ್ಲ ಶಿಬಿರಗಳಿಗೆ ಒಯ್ದಾಗ, ಜಪಾನಿನ ಸಿಂಪಿಯನ್ನು ಅಲ್ಲಿಗೆ ತಂದ ಜನರೇ ಅದರ ದಡದಿಂದ ಹೊರಗಾದರು. ಈ ಸಂಗತಿಯನ್ನು ತಿಳಿದ ಮೇಲೆ ಜಾಡಿಯ ಚೀಟಿಯನ್ನು ಬರೀ ದಿನಾಂಕಕ್ಕಾಗಿ ಓದುವುದು ಲೇಖಕಿಗೆ ಸಾಧ್ಯವಾಗಲಿಲ್ಲ. ವಿಲಾಪಾದ ದಡದಲ್ಲಿ, ಒಡೆಯುವ ಮನೆಗಳ ಹಿಂದೆ, ಬಿಳಿಯ ಚಿಪ್ಪಿನ ಗುಡ್ಡಗಳನ್ನು ಕಂಡಾಗ ಕುಟುಂಬದವರಿಗೆ ಮೊದಲು ಹೊಳೆದದ್ದು ಕುಮಟಾದ ಸುಣ್ಣದ ಗೂಡು, ಏಕೆಂದರೆ ಅಘನಾಶಿನಿಯ ಚಿಪ್ಪು ಬಹುಕಾಲದಿಂದ ಸುಟ್ಟು ಸುಣ್ಣವಾಗುತ್ತ ಬಂದದ್ದು. ವಿಲಾಪಾದಲ್ಲಿ ಚಿಪ್ಪು ಮರಳಿ ನೀರಿಗೆ ಹೋಗುತ್ತದೆ: ಈಜುತ್ತಿರುವ ಸಿಂಪಿಮರಿಗೆ ಅಂಟಿಕೊಳ್ಳಲು ಗಟ್ಟಿ ನೆಲೆ ಬೇಕು, ಹಳೆಯ ಚಿಪ್ಪಿಗಿಂತ ಅದು ಮೆಚ್ಚುವ ನೆಲೆ ಇನ್ನೊಂದಿಲ್ಲ, ಆದ್ದರಿಂದ ಚಿಪ್ಪುಗಳನ್ನು ಬಲೆಚೀಲಗಳಲ್ಲಿ ತುಂಬಿ ಮರಿಗಳಿರುವ ತೊಟ್ಟಿಯಲ್ಲಿ ಮುಳುಗಿಸಿ, ಮರಿ ಕೂತ ಮೇಲೆ ಕೊಲ್ಲಿಯಲ್ಲಿ ಹರಡುತ್ತಾರೆ. ದೂರದ ನಗರದ ಹೋಟೆಲಿನಲ್ಲಿ ತೆರೆದ ಚಿಪ್ಪು ಬಹುಮಟ್ಟಿಗೆ ಕಸಕ್ಕೆ ಸೇರಿದರೆ, ಜಾಡಿಗೆ ಹೋದ ಸಿಂಪಿಯ ಚಿಪ್ಪು ತನ್ನ ಊರಲ್ಲೇ ಉಳಿದಿರುತ್ತದೆ. ಜಾಡಿಯ ಪರವಾಗಿ ಹೇಳಬಹುದಾದ ಮಾತುಗಳಲ್ಲಿ ಲೇಖಕಿಗೆ ಇದು ಅತ್ಯಂತ ತೂಕದ್ದೆನಿಸುತ್ತದೆ.

ಆ ಮರಿಗಳೇ ಸಂಕಟಕ್ಕೆ ಸಿಕ್ಕ ಕಾಲವೂ ಬಂತು. 2007 ಮತ್ತು 2008ರಲ್ಲಿ ಆರೆಗನ್ ರಾಜ್ಯದ ನೆಟಾರ್ಟ್ಸ್ ಕೊಲ್ಲಿಯ ಮರಿಕೇಂದ್ರದಲ್ಲಿ ಸಿಂಪಿಮರಿಗಳು ರಾಶಿಯಾಗಿ ಸತ್ತವು. ವಾತಾವರಣದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಆಮ್ಲೀಯವಾಗುತ್ತಿರುವ ಆಳದ ನೀರು ಗಾಳಿಯ ಒತ್ತಡದಿಂದ ಮೇಲೆದ್ದು ಬಂದಾಗ ಮರಿಗಳಿಗೆ ಮೊದಲ ಚಿಪ್ಪನ್ನು ಕಟ್ಟಲಾಗುವುದಿಲ್ಲವೆಂದು 2012ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಅಂದಿನಿಂದ ಮರಿಕೇಂದ್ರಗಳು ನೀರಿನ ಗುಣವನ್ನು ಅಳೆಯುತ್ತ, ಸೋಡಿಯಂ ಕಾರ್ಬೊನೇಟ್ ಬೆರೆಸಿ ಅದರ ಆಮ್ಲೀಯತೆಯನ್ನು ತಗ್ಗಿಸುತ್ತ ಬಂದಿವೆ. ಬದಲಾದದ್ದು ಮರಿಗಳ ನೀರು ಮಾತ್ರವಲ್ಲ, ಸಿಂಪಿಯ ಋತುವೂ ಹೌದು. ಹಳೆಯ ಕಾಲದಲ್ಲಿ ಬೇಸಿಗೆಯಲ್ಲಿ ಸಿಂಪಿ ತಿನ್ನಬಾರದೆನ್ನುತ್ತಿದ್ದುದಕ್ಕೆ ರೋಗದ ಭಯದ ಜೊತೆಗೆ ಇನ್ನೊಂದು ಕಾರಣವೂ ಇತ್ತು: ಮೊಟ್ಟೆಯಿಡುವ ಋತುವಿನಲ್ಲಿ ಸಿಂಪಿ ಕೂಡಿಟ್ಟ ಸತ್ವವನ್ನೆಲ್ಲ ಸಂತಾನಕ್ಕೆ ವ್ಯಯಿಸಿ, ಮೊದಲು ಹಾಲಿನಂತೆ ಮೆತ್ತಗಾಗಿ ಆಮೇಲೆ ಬಡಕಲಾಗುತ್ತದೆ. 1980ರ ದಶಕದಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ವರ್ಣತಂತುಗಳ ಎರಡು ಗಣಗಳ ಬದಲು ಮೂರು ಗಣಗಳಿರುವ, ಆದ್ದರಿಂದ ಬಹುಮಟ್ಟಿಗೆ ಸಂತಾನಹೀನವಾದ ಪೆಸಿಫಿಕ್ ಸಿಂಪಿಯನ್ನು ರೂಪಿಸಿದ ಮೇಲೆ ಬೇಸಿಗೆಯಲ್ಲೂ ಗಟ್ಟಿ ಮಾಂಸ ಸಿಗುವಂತಾಯಿತು. ಹಾಗಿದ್ದರೂ ಆ ಮನೆಯಲ್ಲಿ ಜಾಡಿ ಬರುವುದು ನವೆಂಬರ್ ಕಳೆದ ಮೇಲೆಯೇ. ಚಳಿಗಾಲದ ಸಿಂಪಿಯ ತುಂಬಿದ ಮೈಗೆ ಸಮನಾದದ್ದು ಬೇರೆ ಇಲ್ಲವೆಂಬುದು ಅಲ್ಲಿನ ಅಭಿಪ್ರಾಯ.

ಮೊಮ್ಮಗಳು ಬೆಳೆದು ತನ್ನದೇ ಒಲೆ ಹೂಡಿದ ಮೇಲೆ ಆ ಹಾಲಿನ ಸಾರನ್ನು ಅಜ್ಜಿ ಉಣ್ಣುವಂತೆ ಮಾಡಬೇಕೆಂದು ಹಟ ಹಿಡಿದಳು. ಹಸುವಿನ ಹಾಲಿಗೆ ಮುರುಗಲ ಹುಳಿ ಬಿದ್ದರೆ ಅದು ಒಡೆಯುತ್ತದೆ. ತೆಂಗಿನ ಹಾಲು ಒಡೆಯದೆ ತಾಳಿಕೊಳ್ಳುತ್ತದೆ, ಮತ್ತು ಅವೆರಡನ್ನೂ ಬೆರೆಸಿ ಸೋಲ್‌ಕಡಿ ಮಾಡುವುದು ಉತ್ತರ ಕನ್ನಡದಲ್ಲಿ ಮನೆಮನೆಯ ಮಾತು. ಆಕೆ ಸಿಂಪಿಯನ್ನು ಅದರ ರಸದಲ್ಲಿ, ಬೆಣ್ಣೆಯ ಬದಲು ತೆಂಗಿನೆಣ್ಣೆಯೊಡನೆ, ಎರಡು ಸೀಳಿದ ಹಸಿಮೆಣಸು ಹಾಕಿ ನೆರಿಗೆ ಕಟ್ಟಿ ಬೇಯುವವರೆಗೆ ಕುದಿಸಿ, ಬೇರೆ ಪಾತ್ರೆಯಲ್ಲಿ ಬಿಸಿ ಮಾಡಿದ ತೆಂಗಿನ ಹಾಲನ್ನು ಮುರುಗಲ ನೀರಿನೊಡನೆ ಕೂಡಿಸಿ, ನೆರೆಮನೆಯ ವೃದ್ಧೆ ಕಲಿಸಿದಂತೆಯೇ ಕಟ್ಟಕಡೆಗೆ ಎರಡನ್ನೂ ಬೆರೆಸಿದಳು. ತಿಳಿಗುಲಾಬಿ ಬಣ್ಣಕ್ಕೆ ತಿರುಗಿದ ಆ ಸಾರನ್ನು ತಾಯಿಯವರು ಕುಚ್ಚಲಕ್ಕಿಯ ಅನ್ನಕ್ಕೆ ಕಲಸಿಕೊಂಡು ಉಂಡರು, ಉಪ್ಪು ಸರಿಯಾಗಿದೆ ಎಂದರು, ಮತ್ತು ಮುಂದಿನ ಸಲ ಸಿಂಪಿ ಇನ್ನೂ ಸಣ್ಣದಿರಲಿ ಎಂದು ಸೇರಿಸಿದರು.